ಜಗಲಿಯ ಮೇಲಿನ ಹೇಳಿಕೆ

ಕಳೆದ ವರ್ಷ ರಾಗಿ ಕುಯ್ಲು ಮುಗಿದ ಮೇಲೆ ಊರಿಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, ‘ನಾಳೆ ಬೆಳಿಗ್ಗೆ ಸ್ಟೇಷನ್‌ಗೆ ಹೋಗ್ಬೇಕು, ಗಾಡೀಲಿ ಬಿಡ್ತೀಯ?’ ಅಂದ. ನಮ್ಮ ಕಡೆ ಸ್ಟೇಷನ್ ಅಂದರೆ ಒಂದೇ ಅರ್ಥ. ಅಮ್ಮ ಮುದ್ದೆ ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಪಕ್ಕದ ತೋಟದವರ ಬೋರ್‌ವೆಲ್ ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಅವರು ದೂರು ಕೊಟ್ಟಿದ್ದರು. ಅಂದು ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಅಪ್ಪನೂ ನೀರು ಕಟ್ಟಲು ಹೋಗಿದ್ದ. ಹಾಗಾಗಿ ಸಾಕ್ಷಿ ಹೇಳಿಕೆಗೆ ಕರೆದಿದ್ದರು.

‘ನೋಟಿಸ್ ಕೊಟ್ಟಿದ್ದಾರಾ?’ ಅಂತ ಕೇಳಿದೆ.

‘ಫೋನ್ ಮಾಡಿದ್ರು. ಅದೇ ನೋಟಿಸ್ಸು.’

ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹಳೇ ಮೈಸೂರಿನ ಕಾಲದಲ್ಲಿ ಜನ ಸರ್ಕಾರಕ್ಕೆ ಬರೆದುಕೊಂಡ ಅರ್ಜಿಗಳ ಭಾಷೆ ನನ್ನ ವಿಷಯ. ಅರ್ಜಿದಾರ ತನ್ನನ್ನು ತಾನು ಹೇಗೆ ಚಿಕ್ಕವನನ್ನಾಗಿ ಮಾಡಿಕೊಳ್ಳುತ್ತಾನೆ, ಹಾಗೆ ಚಿಕ್ಕವನಾಗಿಯೇ ತನ್ನ ಕೆಲಸವನ್ನು ಹೇಗೆ ಸಾಧಿಸಿಕೊಳ್ಳುತ್ತಾನೆ ಎಂದು ಅಧ್ಯಾಯಗಟ್ಟಲೆ ಬರೆದಿದ್ದೇನೆ. ಆದರೆ ಅದೆಲ್ಲ ಹಳೆಯ ಕಾಲದ್ದು, ನನ್ನ ಕಾಲ ಬೇರೆ ಅಂತ ಒಳಗೊಳಗೇ ನಂಬಿದ್ದೆ.

ಆ ನಂಬಿಕೆಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಸರ್ಕಲ್‌ನಲ್ಲಿ ಪೊಲೀಸರೊಬ್ಬರು ‘ಏಯ್, ಸೈಡಿಗ್ ಹಾಕೋ’ ಎನ್ನುತ್ತಾ ಗಾಡಿಯ ಕೀ ಕಿತ್ತುಕೊಂಡಿದ್ದರು. ನನ್ನ ತಲೆ ಮೇಲೆ ಹೆಲ್ಮೆಟ್ ಇತ್ತು, ಸಿಗ್ನಲ್ಲನ್ನೂ ದಾಟಿರಲಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು, ಅದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಆದರೆ ಕೀ ಕಿತ್ತುಕೊಳ್ಳುವ ಅಧಿಕಾರ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ದಾಖಲೆ ನೋಡಲು ಗಾಡಿ ತಡೆಯಬೇಡಿ ಎಂದು 2022ರಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಸೂಚನೆಯನ್ನೂ ಕೊಟ್ಟಿದ್ದರು. ಇದನ್ನೆಲ್ಲ ನಾನು ಸಮಾಧಾನವಾಗಿಯೇ ಹೇಳಿದೆ. ಲೈಸೆನ್ಸ್ ತೆಗೆಯುವಾಗ ಪರ್ಸಿನಿಂದ ವಿಶ್ವವಿದ್ಯಾಲಯದ ಐಡಿ ಕಾರ್ಡೂ ಇಣುಕಿತು. ‘ಏನ್ ಓದ್ತಿದೀರಿ?’ ಅಂದರು. ಕೀ ವಾಪಸ್ಸು ಬಂತು. ಕಾಯ್ದೆ ಗೆದ್ದಿತು ಅಂತ ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ.

ಆ ರಾತ್ರಿ ಊರಿನಲ್ಲಿ ಮಲಗಿಕೊಂಡು ಮೊಬೈಲಿನಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ತೆರೆದೆ. ಜುಲೈ 1, 2024ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವುದು ಇದೇ. ಅದರ 179ನೇ ಕಲಂ ಪ್ರಕಾರ ಸಾಕ್ಷಿಯನ್ನು ಬರಹೇಳುವ ಆದೇಶ ಲಿಖಿತವಾಗಿರಬೇಕು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಬರುವಂತೆ ಬಲವಂತ ಮಾಡುವಂತಿಲ್ಲ. ತಾವಾಗಿಯೇ ಬರುತ್ತೇವೆ ಎಂದರೆ ಬರಬಹುದು. ಹಳೆಯ ಕಾಯ್ದೆಯಲ್ಲಿ ಗಂಡಸರ ವಯಸ್ಸು 65 ಇತ್ತು. ಅಪ್ಪನಿಗೆ 63. ಕೇಳಿದ್ದಕ್ಕೆ ನಿಜ ಹೇಳುವುದು ಸಾಕ್ಷಿಯ ಕರ್ತವ್ಯ, ತನ್ನನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಮಾತ್ರ ಉತ್ತರಿಸಬೇಕಿಲ್ಲ. ಇನ್ನೊಂದು ಸಂಗತಿ 181ನೇ ಕಲಮಿನಲ್ಲಿತ್ತು: ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ, ಹೇಳಿದವರಿಂದ ಸಹಿ ಹಾಕಿಸಿಕೊಳ್ಳಬಾರದು.

ಬೆಳಿಗ್ಗೆ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ನೀನು ಹೋಗೋದೇ ಬೇಡ. ಅವರೇ ಬರಬೇಕು.’

ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ‘ಸುಮ್ನಿರಪ್ಪ. ನೀನು ನಾಳಿದ್ದು ಬಸ್ ಹತ್ತುತೀಯ. ನಾನು ಇಲ್ಲೇ ಇರ್ಬೇಕು.’

ಠಾಣೆಯಲ್ಲಿ ಅಪ್ಪ ದೇವಸ್ಥಾನದಲ್ಲಿ ಬಿಡುವ ಹಾಗೆ ಚಪ್ಪಲಿಯನ್ನು ಹೊರಗೇ ಬಿಟ್ಟ. ಎರಡು ಗಂಟೆ ಕಾಯಿಸಿದರು. ರೈಟರ್ ಹಿಂದಿನ ರಾತ್ರಿ ಯಾವುದೋ ಜಾತ್ರೆಯ ಬಂದೋಬಸ್ತ್ ಮುಗಿಸಿ ಹಾಗೇ ಬಂದು ಕೂತಿದ್ದರಂತೆ, ಕಣ್ಣು ಕೆಂಪಗಿದ್ದವು. ‘ಏನಯ್ಯ, ಆ ಪಕ್ಕದ ತೋಟ ನಿಂದೇನಾ? ಬಾ ಇಲ್ಲಿ’ ಅಂದರು. ಅವರಿಗೆ ನಲವತ್ತಿರಬಹುದು.

ನಾನೂ ಅಪ್ಪನನ್ನು ಏಕವಚನದಲ್ಲೇ ಕರೆಯುವುದು. ಅದರಲ್ಲಿ ಸಲಿಗೆ ಇದೆ. ಅದೇ ‘ನೀನು’ ಆ ಮೇಜಿನ ಆಚೆಯಿಂದ ಬಂದಾಗ ಅಪ್ಪನ ಬೆನ್ನು ಒಂದು ಗೇಣು ಬಾಗಿದ್ದನ್ನು ನೋಡಿದೆ. ಅದಕ್ಕೆ ಯಾವ ಕಲಂ ತೋರಿಸಲಿ?

ಅಪ್ಪ ಹೇಳಿದ್ದು ಇಷ್ಟೇ: ದೂರದಲ್ಲಿ ಬ್ಯಾಟರಿ ಬೆಳಕು ಕಂಡಿತು, ತೋಟದವರೇ ಇರಬೇಕು ಅಂದುಕೊಂಡೆ. ರೈಟರ್ ಬರೆಯುತ್ತಾ ಹೋದರು. ನಾನು ಈಚೆಯಿಂದ ತಲೆಕೆಳಗಾಗಿಯೇ ಓದಿಕೊಳ್ಳುತ್ತಿದ್ದೆ. ‘ವ್ಯವಸಾಯ ಮಾಡಿಕೊಂಡಿರುತ್ತೇನೆ’ ಎಂದು ಶುರುವಾದದ್ದು ಕೊನೆಯಲ್ಲಿ ‘ಒಬ್ಬ ವ್ಯಕ್ತಿಯನ್ನು ನೋಡಿದ್ದು, ಪುನಃ ನೋಡಿದರೆ ಗುರುತಿಸುತ್ತೇನೆ’ ಎಂದು ಮುಗಿಯಿತು. ರೂಢಿಯಲ್ಲಿ ಕೈ ತಾನಾಗಿ ಬರೆದುಬಿಡುವ ವಾಕ್ಯ ಅದು. ಆ ಒಂದು ವಾಕ್ಯದ ಮೇಲೆ ನಾಳೆ ಯಾರನ್ನಾದರೂ ತಂದು ನಿಲ್ಲಿಸಿ, ‘ಇವನೇ ತಾನೆ?’ ಅಂತ ಅಪ್ಪನನ್ನು ಕೇಳಬಹುದಿತ್ತು.

‘ಇಲ್ಲಿ ಸೈನ್ ಹಾಕು’ ಅಂದರು.

179, 181 ಎರಡೂ ನನ್ನ ಬಾಯಿತುದಿಯಲ್ಲೇ ಇದ್ದವು. ‘ಸರ್...’ ಅಂದೆ. ‘ನೀನ್ಯಾರಪ್ಪ?’ ಅಂದರು. ‘ಮಗ ಸರ್.’ ಮುಂದಕ್ಕೆ ಮಾತೇ ಹೊರಡಲಿಲ್ಲ. ಐಡಿ ಕಾರ್ಡ್ ಬೆಂಗಳೂರಿನಲ್ಲೇ ಉಳಿದಿತ್ತು. ಅದಿಲ್ಲದ ನನ್ನ ಕಾಯ್ದೆ ಎಷ್ಟರದ್ದು ಎಂದು ಆಗ ಗೊತ್ತಾಯಿತು.

ಅಪ್ಪ ಮುಂದೆ ಬಂದ. ‘ಕನ್ನಡಕ ಮರ್ತು ಬಂದ್ಬಿಟ್ಟೆ ಸ್ವಾಮಿ. ಓದ್ದೆ ಹೆಂಗೆ ಹಾಕ್ಲಿ? ನಮ್ಮಪ್ಪ ಹಿಂಗೇ ಓದ್ದೆ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಕಳ್ಕಂಡ.’

ರೈಟರಿಗೆ ನಗು ಬಂತು. ‘ಓದಪ್ಪ ನೀನೇ’ ಅಂತ ಹಾಳೆಯನ್ನು ನನ್ನ ಕಡೆ ತಳ್ಳಿದರು. ಗಟ್ಟಿಯಾಗಿ ಓದಿದೆ. ಕೊನೆಯ ಸಾಲಿಗೆ ಬಂದಾಗ ಅಪ್ಪ, ‘ಕತ್ತಲಲ್ಲಿ ನಂಗೆ ಮುಖ ಎಲ್ಲಿ ಕಾಣ್ತದೆ ಸ್ವಾಮಿ, ಬೆಳಕಷ್ಟೇ ಕಂಡಿದ್ದು’ ಅಂದ. ರೈಟರ್ ಒಂದು ಕ್ಷಣ ನೋಡಿ ಆ ಸಾಲು ಹೊಡೆದು ಹಾಕಿದರು. ಸೈನು? ‘ಕನ್ನಡಕ ಇಲ್ದೆ ಗೆರೆ ತಪ್ತದೆ’ ಅಂದ ಅಪ್ಪ. ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಹೋಗಿ ಎಂದು ಕೈಸನ್ನೆ ಮಾಡಿದರು.

ದಾರಿಯಲ್ಲಿ ಹಾಲಿನ ಡೇರಿ ಹತ್ತಿರ ಗಾಡಿ ನಿಲ್ಲಿಸಿದೆ. ಅಪ್ಪ ಹಾಲಿನ ಚೀಟಿ ನೋಡಲು ಅಂಗಿಯ ಒಳಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

ನಾನು ನಕ್ಕೆ. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ನನ್ನ ಪ್ರಬಂಧದಲ್ಲಿ ನಾನು ಹಾಡಿ ಹೊಗಳಿದ ಅರ್ಜಿದಾರ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದ. ಅವನ ಜಾಣತನ ದೊಡ್ಡದು, ನಿಜ. ಆದರೆ ಹಕ್ಕಾಗಿ ಸಿಗಬೇಕಾದ್ದನ್ನು 63ನೇ ವಯಸ್ಸಿನಲ್ಲಿ ಸುಳ್ಳು ಹೇಳಿ ಪಡೆಯಬೇಕಾಯಿತಲ್ಲ, ಅದನ್ನು ಜಾಣತನ ಅಂತ ಮಾತ್ರ ಬರೆದು ಮುಗಿಸುವುದು ಹೇಗೆ?

ಸಂಜೆ ಅಪ್ಪನೇ ಮಾತು ತೆಗೆದ. ‘ನೀನು ಬೆಳಿಗ್ಗೆ ಹೇಳಿದ್ದು ನಿಜಾನಾ? ಹೆಂಗಸರನ್ನೂ ಕರೆಯಂಗಿಲ್ವಾ?’

‘ಕರೆಯಂಗಿಲ್ಲ. ಮನೆ ಹತ್ರಾನೇ ಬಂದು ಕೇಳ್ಬೇಕು.’

ಆ ತೋಟದ ಬದುವಿನಲ್ಲಿ ಮೇಕೆ ಕಾಯುವ ಚಿಕ್ಕಮ್ಮನನ್ನೂ ಸೋಮವಾರ ಬಾ ಅಂದಿದ್ದರಂತೆ. ಎರಡು ದಿನದಿಂದ ಆಕೆ ಸರಿಯಾಗಿ ಉಂಡಿರಲಿಲ್ಲವಂತೆ. ‘ನಂಬರ್ ಹಾಕಿ ಒಂದು ಚೀಟಿ ಬರಕೊಡು’ ಅಂದ. ನನ್ನ ಕೈ ತಾನಾಗಿಯೇ ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿತು. ಹೊಡೆದು ಹಾಕಿ, ಬರೀ ಕಲಮನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದೆ. ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

ಮುಂದಿನ ವಾರ ಹಾಸ್ಟೆಲಿನಿಂದ ಫೋನ್ ಮಾಡಿ ಕೇಳಿದೆ.

‘ನಾನೇ ಫೋನ್ ಮಾಡಿ ಹೇಳ್ದೆ, ಆಯಮ್ಮ ಬರಂಗಿಲ್ಲವಂತೆ, ನೀವೇ ಬರ್ಬೇಕಂತೆ ಸ್ವಾಮಿ, ಕಾಯ್ದೆ ಬಂದೈತೆ ಅಂತ. ಮೊದ್ಲು ಬೈದ್ರು. ಬುಧವಾರ ಬಂದ್ರು. ಜಗಲಿ ಮೇಲೆ ಕೂತ್ಕಂಡು ಬರ್ಕಂಡ್ರು. ಚಿಕ್ಕಮ್ಮ ಕಾಫಿ ಕೊಟ್ಟಳು.’

‘ಗದರಿದ್ರಾ?’

‘ಇಲ್ಲಪ್ಪ. ಏನಮ್ಮ, ಹೇಳಮ್ಮ ಅಂತಾನೇ ಕೇಳಿದ್ರು. ಇನ್ನೊಬ್ಬರ ಜಗಲಿ ಮೇಲೆ ಕೂತ್ಕಂಡು, ಅವರ ಮನೆ ಕಾಫಿ ಕುಡೀತಾ ಯಾರು ಗದರ್ತಾರೆ?’

ಆ ಕಲಂ ಯಾಕಿದೆ ಎಂದು ನನಗೆ ಆಗ ತಿಳಿಯಿತು. ಚೀಟಿ ಎಲ್ಲಿದೆ ಅಂತ ಕೇಳಿದೆ. ಪಡಿತರ ಚೀಟಿಯ ಜೊತೆ ಇಟ್ಟಿದ್ದೀನಿ ಅಂದ.