ಉಜ್ಜುವ ಯಂತ್ರ ಮನೆಗೆ ಬಂದಾಗ

ನಿಮ್ಮ ಮನೆಯಲ್ಲಿರುವ ರೆಹಾಲನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ ಸಹೋದರಿ. ಮರದ್ದಾಗಿದ್ದು, ಹಳೆಯ ಪದ್ಧತಿಯದ್ದಾಗಿದ್ದರೆ ಮಡಚುವ ಜಾಗದಲ್ಲಿ ಮೊಳೆ ಇರುವುದಿಲ್ಲ, ತಿರುಪು ಇರುವುದಿಲ್ಲ. ಅದು ಎರಡು ಹಲಗೆಗಳನ್ನು ಜೋಡಿಸಿದ್ದಲ್ಲ. ಒಂದೇ ಹಲಗೆಯನ್ನು ದಪ್ಪದಲ್ಲಿ ಸೀಳಿ, ನಡುವೆ ಹಲ್ಲುಗಳಂತೆ ಕೊರೆದು ಬಿಡಿಸಿದ್ದು. ನನ್ನ ಅಬ್ಬಾ ಅದನ್ನು ಮಾಡುತ್ತಿದ್ದರು. ಅವರು ಬಡಗಿ. ಹಲಸಿನ ಹಲಗೆ ಸಿಕ್ಕಿದ ದಿನ ಅವರ ಮುಖವೇ ಬೇರೆಯಾಗಿರುತ್ತಿತ್ತು.

ಅವರು ತೀರಿಕೊಂಡ ಮೇಲೆ ಉಳಿ, ಗರಗಸ, ಹತ್ತರಿಗಳೆಲ್ಲ ಟ್ರಂಕಿನಲ್ಲಿ ತುಕ್ಕು ಹಿಡಿಯುತ್ತಿದ್ದವು. 2020ರ ಲಾಕ್‌ಡೌನ್‌ನಲ್ಲಿ ಮದ್ರಸಾ ಮುಚ್ಚಿ, ಪಾಠವೂ ಸಂಬಳವೂ ನಿಂತಾಗ ನಾನು ಆ ಟ್ರಂಕು ತೆರೆದೆ. ಚಿಕ್ಕಂದಿನಲ್ಲಿ ಅಬ್ಬಾರ ಬಳಿ ಕುಳಿತು ಕಣ್ಣಿನಿಂದಲೇ ಕಲಿತದ್ದು ಕೈಗೆ ಬರಲು ಆರು ತಿಂಗಳು ಬೇಕಾಯಿತು. ಕೊರೆಯುವುದು ಕಷ್ಟವೆಂದು ನೀವು ಭಾವಿಸಬಹುದು. ನಿಜವಾಗಿ ಕೈಯನ್ನು ತಿನ್ನುವುದು ಉಜ್ಜುವ ಕೆಲಸ. ಒಂದು ರೆಹಾಲಿಗೆ ಸ್ಯಾಂಡ್‌ಪೇಪರ್ ಹಿಡಿದು ಒಂದೂವರೆ ಗಂಟೆ. ರಾತ್ರಿ ಬೆರಳು ಮಡಚಲಾಗುತ್ತಿರಲಿಲ್ಲ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯಲು ಸೀಮೆಸುಣ್ಣ ಹಿಡಿದರೆ ಕೈ ನಡುಗುತ್ತಿತ್ತು.

ಕಳೆದ ವರ್ಷ ರಮಝಾನ್‌ಗೆ ಮುಂಚೆ ನಲವತ್ತು ರೆಹಾಲ್‌ಗಳ ಬೇಡಿಕೆ ಬಂತು. ಚೀಟಿ ಹಣ ಕೈಯಲ್ಲಿತ್ತು. ಉಜ್ಜುವ ಯಂತ್ರ ಕೊಳ್ಳುತ್ತೇನೆಂದೆ. ನಮ್ಮ ಮನೆಯವರು ನಕ್ಕರು. ಹೊಲಿಗೆ ಯಂತ್ರವೆಂದಿದ್ದರೆ ಯಾರೂ ನಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಆದರೂ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ನನ್ನೊಡನೆ ಬಂದವರೂ ಅವರೇ. ಅಂಗಡಿಯಾತ ನಾನು ಕೇಳಿದ ಪ್ರತಿ ಪ್ರಶ್ನೆಗೂ ಇವರ ಮುಖ ನೋಡಿ ಉತ್ತರ ಕೊಟ್ಟ. ಕೊನೆಗೆ ಇವರೇ, “ಮರಗೆಲಸ ಇವಳದು, ನನಗೆ ಮೊಳೆ ಹೊಡೆಯಲೂ ಬರುವುದಿಲ್ಲ” ಎಂದರು.

ಯಂತ್ರದ ಬಗ್ಗೆ ಹೇಳುತ್ತೇನೆ. ಮೇಜಿನ ಮೇಲೆ ಕೂರುವ ಗಾತ್ರ, ಅರ್ಧ ಎಚ್‌ಪಿ ಮೋಟಾರು. ಒಂದು ಕಡೆ ನಾಲ್ಕು ಅಂಗುಲ ಅಗಲ, ಮೂವತ್ತಾರು ಅಂಗುಲ ಸುತ್ತಳತೆಯ ಸ್ಯಾಂಡ್‌ಪೇಪರಿನ ಬೆಲ್ಟು. ಇನ್ನೊಂದು ಕಡೆ ಆರು ಅಂಗುಲದ ತಟ್ಟೆ, ಅದಕ್ಕೂ ಸ್ಯಾಂಡ್‌ಪೇಪರ್ ಅಂಟಿಸಿರುತ್ತದೆ. ಹಲಗೆಯ ಮೈಗೆ ಬೆಲ್ಟು, ತುದಿಗಳಿಗೂ ದುಂಡು ಮೂಲೆಗಳಿಗೂ ತಟ್ಟೆ. ತಟ್ಟೆಯ ಮುಂದಿನ ಪುಟ್ಟ ಮೇಜು ಅದಕ್ಕೆ ನೆಟ್ಟಗೆ ನಿಂತಿದೆಯೇ ಎಂದು ಮೂಲೆಮಟ್ಟದಿಂದ ಮೊದಲೇ ನೋಡಬೇಕು. ನಾನು ನೋಡಲಿಲ್ಲ, ಮೊದಲ ಮೂರು ರೆಹಾಲ್‌ಗಳು ನೆಲದ ಮೇಲೆ ಓಲಾಡಿದವು. ತಟ್ಟೆ ಯಾವ ಬದಿಯಲ್ಲಿ ಕೆಳಮುಖವಾಗಿ ತಿರುಗುತ್ತದೋ ಆ ಬದಿಯಲ್ಲೇ ಮರವನ್ನು ಹಿಡಿಯಬೇಕು. ಇನ್ನೊಂದು ಬದಿಯಲ್ಲಿ ಹಿಡಿದರೆ ಅದು ಮರವನ್ನು ಎತ್ತಿ ಎಸೆಯುತ್ತದೆ. ಒಂದೇ ಕಡೆ ಒತ್ತಿ ನಿಂತರೆ ಮರ ಸುಟ್ಟು ಕಪ್ಪಾಗುತ್ತದೆ. 80ರ ಕಾಗದದಿಂದ ಆರಂಭಿಸಿ, 120ಕ್ಕೆ ಹೋಗಿ, ಕೊನೆಗೆ 220ರಿಂದ ಕೈಯಲ್ಲೇ ಮುಗಿಸುತ್ತೇನೆ. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು.

ಒಂದೂವರೆ ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ನಾನು ಹಿಗ್ಗಿದ್ದೆ ಎನ್ನಲು ನಾಚಿಕೆಯೇನಿಲ್ಲ.

ಆ ಹಿಗ್ಗಿನಲ್ಲೇ ಒಂದು ಸಂಜೆ ದುಪಟ್ಟಾದ ತುದಿ ತಟ್ಟೆಯ ಕಡೆಗೆ ಹಾರಿತು. ನಿಮಿಷಕ್ಕೆ ಸಾವಿರದ ನಾನೂರು ಸುತ್ತು ತಿರುಗುವ ವಸ್ತು ಅದು. ಬಟ್ಟೆ ಸಿಕ್ಕಿಕೊಳ್ಳದೆ ಹರಿದುಹೋಯಿತು, ಅಲ್‌ಹಮ್ದುಲಿಲ್ಲಾಹ್. ಸಿಕ್ಕಿದ್ದರೆ ಅದರೊಡನೆ ನನ್ನ ಕುತ್ತಿಗೆಯೂ ಹೋಗುತ್ತಿತ್ತು. ಇಂಥ ಯಂತ್ರದ ಬಳಿ ನಿಲ್ಲುವ ಸಹೋದರಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ತಲೆಗೆ ಬಿಗಿಯಾದ ಸ್ಕಾರ್ಫ್ ಕಟ್ಟಿ ಅದರ ತುದಿಯನ್ನು ಏಪ್ರನ್ನಿನ ಒಳಗೆ ಸಿಕ್ಕಿಸಿಕೊಳ್ಳಿ. ತೋಳಿನ ಗುಂಡಿ ಹಾಕಿ. ಬಳೆ, ಉಂಗುರ ತೆಗೆದಿಡಿ. ಕೈಗವಸೂ ಬೇಡ, ಅದೂ ಎಳೆದುಕೊಳ್ಳುತ್ತದೆ. ಬುರ್ಖಾ ತೊಟ್ಟು ಅದರ ಬಳಿ ಹೋಗಲೇಬೇಡಿ.

ಆದರೆ ಯಂತ್ರವನ್ನು ನಿಲ್ಲಿಸಿದ್ದು ದುಪಟ್ಟಾ ಅಲ್ಲ, ಅಮ್ಮಿ. ನಾನದನ್ನು ಹಿಂದಿನ ಕೋಣೆಯಲ್ಲಿಟ್ಟಿದ್ದೆ, ಪಕ್ಕದ ಕೋಣೆ ಅವರದು. ಎರಡನೆಯ ವಾರ ಬೆಳಗಿನ ನಮಾಝ್ ಮುಗಿಸಿದ ಅಮ್ಮಿ ಕಿಟಕಿಯ ಕಟ್ಟೆಯ ಮೇಲೆ ಬೆರಳೆಳೆದು ನನ್ನ ಮುಂದೆ ಹಿಡಿದರು. ಹಿಟ್ಟಿನಂಥ ಹಳದಿ ಪುಡಿ.

“ನಿನ್ನ ಅಬ್ಬಾ ಇದನ್ನೇ ನುಂಗಿದ್ದು” ಎಂದರು.

ಅಬ್ಬಾ ಇಪ್ಪತ್ತು ವರ್ಷ ಕೆಮ್ಮಿದರು. ಮರದ ಪುಡಿಯೇ ಕಾರಣವೆಂದು ಯಾವ ವೈದ್ಯರೂ ಬರೆದುಕೊಡಲಿಲ್ಲ, ಆದ್ದರಿಂದ ನಾನೂ ಹಾಗೆ ಹೇಳಲಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಸೈನಸ್‌ಗಳ ಕ್ಯಾನ್ಸರ್ ಅದು. ಆಸ್ತಮಾ ಬರುವುದೂ ಉಂಟು. ಹತ್ತರಿಯ ಸಿಪ್ಪೆ ಕಾಲ ಬಳಿ ಬೀಳುತ್ತದೆ. ಯಂತ್ರದ ನುಣ್ಣನೆಯ ಪುಡಿ ಬೀಳುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಬೆರಳು ಉಳಿಸಲು ತಂದ ಯಂತ್ರ ಎಪ್ಪತ್ತು ದಾಟಿದ ಅಮ್ಮಿಯ ಎದೆಗೆ ಈ ಪುಡಿಯನ್ನು ತುಂಬುತ್ತಿತ್ತು.

ಒಂದು ತಿಂಗಳು ಅದರ ಮೇಲೆ ಚಾದರ ಹೊದಿಸಿಟ್ಟೆ. ನಲವತ್ತರಲ್ಲಿ ಇಪ್ಪತ್ತಾರನ್ನಷ್ಟೇ ಕೊಟ್ಟು ಉಳಿದದ್ದಕ್ಕೆ ಕ್ಷಮೆ ಕೇಳಿದೆ. ಮಾರಿಬಿಡೋಣವೆಂದೂ ಯೋಚಿಸಿದ್ದುಂಟು. ಮಾರಿದ್ದರೆ ಮತ್ತೆ ಅದೇ ನಡುಗುವ ಕೈ.

ಕೊನೆಗೆ ಹಿತ್ತಲಿನಲ್ಲಿ ತಗಡಿನ ಮಾಡು ಹಾಕಿಸಿದೆವು. ಮೂರು ಕಡೆ ತೆರೆದದ್ದು, ಮನೆಯ ಕಿಟಕಿಗಳಿಂದ ದೂರ. ಯಂತ್ರದ ಹಿಂಬದಿಯಲ್ಲಿ ಪುಡಿ ಹೊರಬರುವ ಕೊಳವೆ ಇರುತ್ತದೆ, ಅದಕ್ಕೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದೆ. ಇದಕ್ಕೆಲ್ಲ ಯಂತ್ರದಷ್ಟೇ ಖರ್ಚಾಯಿತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಅದೂ ಎಲ್ಲ ಪುಡಿಯನ್ನು ಹಿಡಿಯುವುದಿಲ್ಲ. ಹಾಗಾಗಿ ಬಟ್ಟೆಯ ಮಾಸ್ಕ್ ಅಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್. ಕಣ್ಣಿಗೆ ಕನ್ನಡಕ. ಮುಗಿದ ಮೇಲೆ ಪೊರಕೆ ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಬಟ್ಟೆ ಬದಲಾಯಿಸದೆ ಅಮ್ಮಿಯ ಕೋಣೆಗೆ ಕಾಲಿಡುವುದಿಲ್ಲ. ನೆರೆಮನೆಯಲ್ಲಿ ಹಸುಗೂಸಿದೆ, ಅದು ಮಲಗುವ ವೇಳೆ ಕೇಳಿಕೊಂಡು ಬಂದು, ಅಸರ್ ನಂತರದ ಒಂದು ಗಂಟೆ ಮಾತ್ರ ಓಡಿಸುತ್ತೇನೆ.

ಮಡಚುವ ಹಲ್ಲುಗಳ ಒಳಗೆ ಬೆಲ್ಟೂ ಹೋಗುವುದಿಲ್ಲ, ತಟ್ಟೆಯೂ ಹೋಗುವುದಿಲ್ಲ. ಅಲ್ಲಿ ಈಗಲೂ ಕಾಗದ ಮಡಚಿ ಬೆರಳಿನಿಂದಲೇ ಉಜ್ಜಬೇಕು. ಮೊನ್ನೆ ಒರೆಸಿ ತಂದ ರೆಹಾಲನ್ನು ಅಮ್ಮಿ ಕೇಳಿ ತೆಗೆದುಕೊಂಡರು. ಜಗಲಿಯಲ್ಲಿ ಕುಳಿತು ತೆರೆದರು, ಮಡಚಿದರು, ಹಲ್ಲುಗಳ ಸಂದಿಯಲ್ಲಿ ಕಿರುಬೆರಳು ಆಡಿಸಿದರು.

“ಇಲ್ಲಿ ಇನ್ನೂ ಒರಟಿದೆ ನೋಡು” ಎಂದು ಮರಳಿ ನನ್ನ ಕೈಗಿಟ್ಟರು.