ಕಿವಿಯ ವ್ಯಾಕರಣ

ಈ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ಹಳಗನ್ನಡ ಕಾವ್ಯವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ನಿರೀಕ್ಷಿಸಿದ್ದರೆ ಅದು ಸಹಜವೇ. ಹಿಂದಿನ ಸಂಚಿಕೆಗಳಲ್ಲಿ ನಾನು ಮಾಡಿರುವುದೂ ಅದನ್ನೇ. ಆದರೆ ಎರಡು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದುಕೊಂಡಿರುವ ಬೇರೊಂದು ವಿಷಯವುಂಟು. ಅದರೊಡನೆ ಹೆಣೆದುಕೊಂಡಿರುವ ನನ್ನದೊಂದು ತಪ್ಪೂ ಉಂಟು. ಆ ತಪ್ಪು ನಡೆದದ್ದು ಈ ಶಾಲೆಯ ಕೊಠಡಿಯಲ್ಲಿ. ಆದ್ದರಿಂದ ಅದನ್ನು ನಿವೇದಿಸಿಕೊಳ್ಳುವುದಕ್ಕೂ ಇದೇ ತಕ್ಕ ಸ್ಥಳವೆಂದು ಭಾವಿಸಿದ್ದೇನೆ.

2023ರ ಜೂನ್ ತಿಂಗಳ ಒಂದು ಭಾನುವಾರ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹೆಸರು ಬರೆಯಬಾರದೆಂಬುದು ಅವಳ ಕೋರಿಕೆ. 2011ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೊರಟವಳು, ಮುಂದೆ ವಾಕ್-ಶ್ರವಣ ಶಾಸ್ತ್ರವನ್ನು ಕಲಿತು, ಶ್ರವಣವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದು, ಬೆಂಗಳೂರಿನಲ್ಲಿ ಶ್ರವಣಸಾಧನಗಳನ್ನು ಮಾರುವ ಅಂಗಡಿಯೊಂದರಲ್ಲಿ ಒಳ್ಳೆಯ ಸಂಬಳಕ್ಕಿದ್ದಳು. ಅದನ್ನು ಬಿಟ್ಟು, ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದ ಮಕ್ಕಳ ಶ್ರವಣವನ್ನು ಅಭ್ಯಸಿಸುವ ಯೋಜನೆಯೊಂದರಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೇನೆಂದಳು. ಹಿರಿಯರು ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: “ಕಾಯಂ ಹುದ್ದೆಯೇನಮ್ಮಾ?”

“ಇಲ್ಲ ಗುರುಗಳೆ, ಮೂರು ವರ್ಷದ್ದು. ಸಂಬಳವೂ ಮೊದಲಿನ ಅರ್ಧ. ನಮ್ಮ ಮನೆಯಲ್ಲಿ ಇನ್ನೂ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ” ಎಂದು ನಕ್ಕಳು. ಬಂದ ಕಾರಣವನ್ನು ಆಮೇಲೆ ತಿಳಿಸಿದಳು. ಈ ಮಕ್ಕಳು ಕನ್ನಡದ ಯಾವ ಧ್ವನಿಯನ್ನು ಗುರುತಿಸಬಲ್ಲರು, ಯಾವುದನ್ನು ಬೆರೆಸಿಬಿಡುತ್ತಾರೆ ಎಂಬುದನ್ನು ಪರೀಕ್ಷಿಸಬೇಕು. ಅದಕ್ಕೆ ಒಂದೇ ಧ್ವನಿಯಲ್ಲಿ ಭೇದವಿರುವ ಪದಗಳ ಜೋಡಿಗಳು ಬೇಕು. “ನೀವು ಸವರ್ಣ, ವರ್ಗ, ಸ್ಥಾನ ಅಂತ ಪಾಠ ಮಾಡ್ತಿದ್ದದ್ದು ನೆನಪಿತ್ತು. ಅದಕ್ಕೇ ಬಂದೆ.”

ನಾನು ಮೈಸೂರಿನಲ್ಲಿ ವಿದ್ವತ್ತಿಗೆ ಓದುತ್ತಿದ್ದ ಕಾಲದಲ್ಲಿ ಮಾನಸಗಂಗೋತ್ರಿಯ ಕಡೆಗೆ ಆಗಾಗ ಹೋಗುತ್ತಿದ್ದೆ. ಅಲ್ಲಿ ಎರಡು ಸಂಸ್ಥೆಗಳಿವೆ: ಒಂದು ಕನ್ನಡ ಅಧ್ಯಯನ ಸಂಸ್ಥೆ, ಇನ್ನೊಂದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮೊದಲನೆಯದರ ಗ್ರಂಥಾಲಯ ನನಗೆ ಪರಿಚಿತ. ಎರಡನೆಯದರ ಬಾಗಿಲಲ್ಲಿ ಪುಟ್ಟ ಮಕ್ಕಳನ್ನು ಎತ್ತಿಕೊಂಡು ನಿಂತಿರುತ್ತಿದ್ದ ತಾಯಂದಿರನ್ನು ನೋಡುತ್ತಲೇ ನಡೆದುಹೋಗುತ್ತಿದ್ದೆ. ಅದು ವೈದ್ಯರಿಗೆ ಸಂಬಂಧಪಟ್ಟ ಸ್ಥಳ, ವೈಯಾಕರಣನಿಗೆ ಅಲ್ಲೇನು ಕೆಲಸ ಎಂಬ ಭಾವನೆ.

ಆ ದಿನ ಅವಳು ಒಂದು ಕಾಗದದ ಮೇಲೆ ಚಿತ್ರ ಬರೆದು ನನಗೆ ಪಾಠ ಹೇಳಿದಳು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಅಂಗವೊಂದಿದೆ. ಕಾಕ್ಲಿಯ ಎಂಬ ಹೆಸರಿಗೂ ಅದೇ ಅರ್ಥವಂತೆ. ಬಿಚ್ಚಿ ನೀಳವಾಗಿಸಿದರೆ ಸುಮಾರು 35 ಮಿಲಿಮೀಟರ್. ಅದರೊಳಗೆ ಕೂದಲಿನಂತಹ ಸೂಕ್ಷ್ಮ ಎಳೆಗಳುಳ್ಳ ಜೀವಕೋಶಗಳು ಸಾಲಾಗಿ ನಿಂತಿವೆ. ಬುಡದ ಕಡೆಯವು ತಾರಧ್ವನಿಗೆ, ತುದಿಯ ಕಡೆಯವು ಮಂದ್ರಧ್ವನಿಗೆ ಸ್ಪಂದಿಸುತ್ತವೆ. ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ನರಕ್ಕೆ ಒಪ್ಪಿಸುವುದು ಅವುಗಳ ಕಾರ್ಯ. ಅವು ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಉಳಿದಿರುವ ಶ್ರವಣವನ್ನು ಹೆಚ್ಚಿಸಿಕೊಡುವುದು ಕಿವಿಗೆ ಹಾಕುವ ಸಾಮಾನ್ಯ ಯಂತ್ರ. ಹೆಚ್ಚಿಸುವುದಕ್ಕೆ ಏನೂ ಉಳಿಯದವರಿಗೆ ಈ ಇಂಪ್ಲಾಂಟ್. ಕಿವಿಯ ಹಿಂದೆ ಧರಿಸುವ ಯಂತ್ರ ಮಾತನ್ನು ಹಿಡಿದು, ಏರಿಳಿತಕ್ಕನುಸಾರವಾಗಿ ಪಾಲು ಮಾಡಿ, ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡಿರುವ ಸುರುಳಿಯ ಮೂಲಕ ಚರ್ಮದೊಳಗಿನ ಭಾಗಕ್ಕೆ ಕಳುಹಿಸುತ್ತದೆ. ಅಲ್ಲಿಂದ ಹೊರಟ ಸಣ್ಣ ತಂತಿ ಆ ಚಿಪ್ಪಿನೊಳಗೆ ಹೊಕ್ಕು, ಸತ್ತ ಕೋಶಗಳನ್ನು ಬದಿಗಿಟ್ಟು ನರವನ್ನೇ ನೇರವಾಗಿ ಮುಟ್ಟಿ ಎಚ್ಚರಿಸುತ್ತದೆ. ತಂತಿಯ ಮೇಲಿನ ವಿದ್ಯುತ್ ಬಿಂದುಗಳು ಕೆಲವು ಮಾದರಿಗಳಲ್ಲಿ 12, ಕೆಲವದರಲ್ಲಿ 22.

“ನಮ್ಮ ವೀಣೆಗಾದರೆ 24 ಮೆಟ್ಟಿಲು” ಎಂದೆ ನಾನು, ಸುಮ್ಮನಿರಲಾರದೆ. ಅವಳು ಹಿಡಿದುಕೊಂಡಳು: “ಹಾಗೇ ಅಂದುಕೊಳ್ಳಿ ಗುರುಗಳೆ. ಆದರೆ ತಂತಿ ಎಳೆದು ಗಮಕ ತರೋ ಹಾಗಿಲ್ಲ. ಅದಕ್ಕೇ ಇವರಿಗೆ ಸಂಗೀತ ಕಷ್ಟ. ಮಾತು ಪರವಾಗಿಲ್ಲ.”

ಇದರ ಇತಿಹಾಸವನ್ನೂ ಆಮೇಲೆ ಓದಿದೆ. ಶ್ರವಣನರಕ್ಕೆ ವಿದ್ಯುತ್ತನ್ನು ಹಾಯಿಸಿ ಕಿವುಡನೊಬ್ಬನಿಗೆ ಶಬ್ದದ ಅನುಭವ ಮಾಡಿಸಿದವರು 1957ರಲ್ಲಿ ಪ್ಯಾರಿಸ್ಸಿನ ಜೂರ್ನೊ ಮತ್ತು ಎರಿಯೆಸ್ ಎಂಬ ಇಬ್ಬರು. 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಆ ದಾರಿಯಲ್ಲಿ ಮುಂದುವರಿದರು. ಆದರೆ ನನ್ನ ಮನಸ್ಸು ನಿಂತದ್ದು ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಅವರ ವೃತ್ತಾಂತದಲ್ಲಿ. ಔಷಧದ ಅಂಗಡಿ ನಡೆಸುತ್ತಿದ್ದ ಅವರ ತಂದೆಗೆ ಕಿವಿ ಮಂದ. ಗಿರಾಕಿಗಳೆದುರು ತಂದೆ ಪಡುತ್ತಿದ್ದ ಕಷ್ಟವನ್ನು ನೋಡುತ್ತ ಬೆಳೆದ ಮಗ ವೈದ್ಯರಾದರು. ಸುರುಳಿ ಸುತ್ತಿದ ಅಂಗದೊಳಗೆ ತಂತಿಯನ್ನು ಆಳಕ್ಕೆ ತೂರಿಸುವ ಬಗೆ ಅವರಿಗೆ ಹೊಳೆದಿರಲಿಲ್ಲ. 1977ರಲ್ಲಿ ಸಮುದ್ರ ತೀರದಲ್ಲಿ ಕುಳಿತಿದ್ದಾಗ ಕೈಗೆ ಸಿಕ್ಕಿದ ಚಿಪ್ಪೊಂದರೊಳಗೆ ಹುಲ್ಲಿನ ಗರಿಯನ್ನು ತೂರಿಸಿ ನೋಡಿದರಂತೆ. ಬುಡ ಗಟ್ಟಿಯಾಗಿ ತುದಿ ಬಳುಕುವ ಗರಿ ಸುರುಳಿಯನ್ನನುಸರಿಸಿ ಒಳಗೆ ಸರಿಯಿತು. ತಂತಿಯನ್ನೂ ಹಾಗೆಯೇ ರೂಪಿಸಿದರು. ಮರುವರ್ಷ, 1978ರಲ್ಲಿ, ಮೆಲ್ಬರ್ನ್ ನಗರದಲ್ಲಿ ರಾಡ್ ಸಾಂಡರ್ಸ್ ಎಂಬುವರಿಗೆ ಅದನ್ನು ಅಳವಡಿಸಿದರು. ಚಿಪ್ಪನ್ನು ಕಿವಿಗಿಟ್ಟುಕೊಂಡು ಕಡಲಿನ ಮೊರೆತ ಕೇಳುವುದು ನಾವೆಲ್ಲ ಬಾಲ್ಯದಲ್ಲಿ ಆಡಿದ ಆಟ. ಅದರೊಳಗೆ ಹುಲ್ಲು ತೂರಿಸಬೇಕೆಂದು ನಮಗೆ ತೋಚಲಿಲ್ಲ.

ಪದಗಳ ಪಟ್ಟಿಗೆ ಬರೋಣ. ನಾನು ಎರಡು ರಾತ್ರಿ ಕುಳಿತು, ನಿಘಂಟುಗಳನ್ನು ಮುಂದಿಟ್ಟುಕೊಂಡು, ನೂರೈವತ್ತು ಜೋಡಿಗಳನ್ನು ಸಿದ್ಧಪಡಿಸಿದೆ. ಕರ-ಖರ, ಗನ-ಘನ, ಕಳೆ-ತಳೆ ಎಂದು ಮುಂತಾಗಿ. ಅವಳು ಭಕ್ತಿಯಿಂದಲೇ ಓದಿ, ಭಕ್ತಿಯಿಂದಲೇ ಮುಕ್ಕಾಲು ಪಾಲನ್ನು ಹೊಡೆದುಹಾಕಿದಳು. ಪದ ನಾಲ್ಕು ವರ್ಷದ ಮಗುವಿಗೆ ತಿಳಿದಿರಬೇಕು. ಎರಡು ಚಿತ್ರಗಳ ಪೈಕಿ ಒಂದನ್ನು ಮಗು ಬೆರಳಿಟ್ಟು ತೋರಿಸಬೇಕಾದ್ದರಿಂದ ಅದು ಚಿತ್ರಕ್ಕೂ ಒಗ್ಗಬೇಕು. ಮಹಾಪ್ರಾಣಗಳೆಲ್ಲವೂ ಹೋದವು. “ಮನೆಯಲ್ಲಿ ಯಾರೂ ಹಾಗೆ ಉಚ್ಚರಿಸದಿದ್ದ ಮೇಲೆ ಮಗುವಿಗೆ ಅದು ಕೇಳಿಸಲಿಲ್ಲ ಅಂತ ಬರೆಯೋದು ನ್ಯಾಯವೇ ಗುರುಗಳೆ?” ಎಂದು ಕೇಳಿದಳು. ಮೂವತ್ತು ವರ್ಷ ಮಹಾಪ್ರಾಣಕ್ಕಾಗಿ ಗಂಟಲು ಹರಿದುಕೊಂಡವನಿಗೆ ಇದು ಸ್ವಲ್ಪ ನೋವಿನ ಮಾತೇ. ಹುಲಿ-ಹುಳಿ ಉತ್ತಮ ಜೋಡಿಯೆಂದು ನಾನು ಪಟ್ಟು ಹಿಡಿದೆ. ಹುಳಿಯ ಚಿತ್ರವನ್ನು ಕಂಡ ಮಕ್ಕಳು “ಸಾಂಬಾರು” ಎಂದವು, ಅದೂ ಹೋಯಿತು. ಕಡೆಗೆ ಉಳಿದವು ಬಳೆ-ಬಾಳೆ, ಹಾವು-ಹೂವು, ಕಣ್ಣು-ಹಣ್ಣು, ಕಾಯಿ-ತಾಯಿ ಇಂಥವು. ನಿಘಂಟನ್ನು ತೆರೆಯುವ ಅಗತ್ಯವೇ ಇರಲಿಲ್ಲ.

ಪರೀಕ್ಷೆಯ ಫಲಿತಗಳನ್ನು ಅವಳು ವಿವರಿಸಿದಾಗ ನಾನು ಬೆರಗಾದೆ. ಇಂಪ್ಲಾಂಟ್ ಕಾಲದ ಅಳತೆಯನ್ನು ಚೆನ್ನಾಗಿ ದಾಟಿಸುತ್ತದೆ. ಹ್ರಸ್ವ, ದೀರ್ಘ, ಒತ್ತು, ಎಂದರೆ ನಾವು ಮಾತ್ರೆಯೆಂದು ಎಣಿಸುವುದೆಲ್ಲ, ಮಗುವಿಗೆ ಬಹುಮಟ್ಟಿಗೆ ತಲುಪುತ್ತದೆ. ಬಳೆಯೂ ಬಾಳೆಯೂ ಬೇರೆಯೆಂದು ಅದಕ್ಕೆ ಗೊತ್ತು. ಸ್ಥಾನಭೇದ ಮಾತ್ರ ಮಸುಕು. ಕಂಠ್ಯವೋ ದಂತ್ಯವೋ ಎಂಬಲ್ಲಿ ತಡವರಿಕೆ: ಕಾಯಿ ಎಂದರೆ ತಾಯಿಯನ್ನು ತೋರಿಸುವುದುಂಟು.

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿ ಹೇಳಿದ್ದಾನೆ. ನಾಭಿಯಿಂದ ಹೊರಟ ಗಾಳಿ ಎಲ್ಲೆಲ್ಲಿ ತಾಗಿ ಯಾವ ಯಾವ ವರ್ಣವಾಗುತ್ತದೆಂಬುದನ್ನು ನಾನು ನಿದ್ರೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಹುಟ್ಟಿದ ಶಬ್ದ ಇನ್ನೊಬ್ಬನಲ್ಲಿ ಹೇಗೆ ಸೇರುತ್ತದೆ, ಸೇರದಿದ್ದರೆ ಏನಾಗುತ್ತದೆ ಎಂದು ನಾನು ಕೇಳಿಕೊಂಡವನೇ ಅಲ್ಲ. ನಾನು ಕಲಿತದ್ದೂ ಕಲಿಸಿದ್ದೂ ಬಾಯಿಯ ವ್ಯಾಕರಣ. ಶುಶ್ರೂಷೆ ಎಂಬ ಶಬ್ದಕ್ಕೆ ಕೇಳುವ ಇಚ್ಛೆಯೆಂಬುದೇ ಮೂಲಾರ್ಥವೆಂದು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಆ ಇಚ್ಛೆ ಶಿಷ್ಯನಿಗಿರಬೇಕಾದದ್ದು ಎಂದಷ್ಟೇ ಎಣಿಸಿದ್ದೆ.

ಕಾಯಿ-ತಾಯಿ ಎಂಬ ಜೋಡಿಯ ಬಳಿ ಅವಳು ಪೆನ್ನನ್ನು ಕೆಳಗಿಟ್ಟು, “ಗುರುಗಳೆ, ನನ್ನ ತಮ್ಮ ನೆನಪಿದ್ದಾನೆಯೇ?” ಎಂದು ಕೇಳಿದಳು.

ನೆನಪಿದ್ದ. 2010ರಲ್ಲಿ, ಅವಳು ಹತ್ತನೆಯ ತರಗತಿಯಲ್ಲಿದ್ದಾಗ, ಅವನು ಎಂಟನೆಯ ತರಗತಿಗೆ ಸೇರಿದ್ದ. ಮುತ್ತು ಪೋಣಿಸಿದಂತಹ ಅಕ್ಷರ. ಆದರೆ ಉಕ್ತಲೇಖನದಲ್ಲಿ ಒಂದು ದಿನ ಎಲ್ಲವೂ ಸರಿ, ಮರುದಿನ ಎಲ್ಲವೂ ತಪ್ಪು. ಕಾಯಿ ಇದ್ದಲ್ಲಿ ತಾಯಿ, ಕಲೆ ಇದ್ದಲ್ಲಿ ತಲೆ. ಸರಿಯಾದ ದಿನ ಪಕ್ಕದವನದನ್ನು ನೋಡಿ ಬರೆದಿದ್ದಾನೆಂದೂ, ತಪ್ಪಾದ ದಿನ ಉದ್ಧಟತನ ಮಾಡಿದ್ದಾನೆಂದೂ ನಾನು ತೀರ್ಮಾನಿಸಿದೆ. “ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದೀಯೇನೋ?” ಎಂದು ಗದರಿದಾಗ ತರಗತಿ ನಕ್ಕಿತು. ಹಲವು ಸಲ ಹೊರಗೆ ನಿಲ್ಲಿಸಿದೆ. ಅಕ್ಕ ಒಮ್ಮೆ ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು, “ಸಾರ್, ಅವನಿಗೆ ಸರಿಯಾಗಿ ಕೇಳಿಸೋದಿಲ್ಲ” ಎಂದಳು. “ಕೇಳಿಸದಿದ್ದವನು ಇಷ್ಟು ಚೆನ್ನಾಗಿ ಮಾತಾಡುವುದು ಹೇಗೆ? ನೀನು ವಹಿಸಿಕೊಂಡು ಬರಬೇಡ” ಎಂದು ಕಳುಹಿಸಿದೆ. ಒಂಬತ್ತನೆಯ ತರಗತಿಯ ಮಧ್ಯದಲ್ಲಿ ಅವನು ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆದದ್ದಷ್ಟೇ ನನಗೆ ನೆನಪು.

ಮಾತು ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿದ ಶ್ರವಣ ಅವನದು. ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ. ಅವನಿಗೆ ಇಂಪ್ಲಾಂಟ್ ಬೇಕಾಗಿಯೇ ಇರಲಿಲ್ಲ. ಸಾಧಾರಣ ಶ್ರವಣಸಾಧನ ಸಾಕಿತ್ತು. ಅದನ್ನು ಅವನಿಗೆ ಹಾಕಿಸಿದವಳು ಅಕ್ಕನೇ, ಅವಳು ಕಾಲೇಜು ಸೇರಿದ ಮೇಲೆ. ಅಷ್ಟರಲ್ಲಿ ಶಾಲೆ ಮುಗಿದಿತ್ತು. “ನಾನು ಈ ವಿಷಯ ಓದಿದ್ದು ಅದಕ್ಕೇ” ಎಂದಳು. ಆರೋಪದ ದನಿಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹುಟ್ಟುಗಿವುಡಾದ ಮಕ್ಕಳ ಸಂಗತಿ ಇನ್ನೂ ಅವಸರದ್ದು. ಮಿದುಳು ಮಾತನ್ನು ಕಲಿಯುವ ಕಾಲ ಜೀವನದ ಮೊದಲ ಕೆಲವು ವರ್ಷಗಳು. ಅದು ಕಳೆದ ಮೇಲೆ ನರಕ್ಕೆ ಶಬ್ದ ಮುಟ್ಟಿಸಿದರೂ ಅದು ಮಾತಾಗಿ ತಿಳಿಯುವುದು ಕಷ್ಟ. ಬಡ ಮಕ್ಕಳ ಇಂಪ್ಲಾಂಟಿಗೆ ನೆರವಾಗುವಂತೆ ಕೇಂದ್ರ ಸರ್ಕಾರವು 2014ರಲ್ಲಿ ತನ್ನ ಎ.ಡಿ.ಐ.ಪಿ. ಯೋಜನೆಯನ್ನು ಪರಿಷ್ಕರಿಸಿದಾಗ, ಇಂಥ ಮಕ್ಕಳಿಗೆ ಐದು ವರ್ಷದ ಮಿತಿಯನ್ನಿಟ್ಟದ್ದಕ್ಕೂ ಇದೇ ಕಾರಣ. ನವಜಾತ ಶಿಶುವಿನ ಕಿವಿಯನ್ನು ಅದು ಮಲಗಿರುವಾಗಲೇ ಕೆಲವು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಶಸ್ತ್ರಚಿಕಿತ್ಸೆಯಾದ ಮಾತ್ರಕ್ಕೆ ಕೇಳಿಸುವುದಿಲ್ಲವೆಂಬುದನ್ನೂ ದಾನಿಗಳು ಗಮನಿಸಬೇಕು. ಗಾಯ ಮಾಗಿದ ಮೇಲೆ ಯಂತ್ರವನ್ನು ಚಾಲೂ ಮಾಡಿ, ಮತ್ತೆ ಮತ್ತೆ ಹೊಂದಿಸಿ, ವರ್ಷಗಟ್ಟಲೆ ಮಾತಿನ ಶಿಕ್ಷಣ ಕೊಡಿಸಬೇಕು. ಬ್ಯಾಟರಿ, ತಂತಿಗಳ ಖರ್ಚು ನಿಲ್ಲದು. ಕೂಲಿ ಬಿಟ್ಟು ಮಗುವನ್ನು ಬಸ್ಸಿನಲ್ಲಿ ಕರೆತರುವ ತಾಯಿಯ ದಿನಗೂಲಿ ಯಾವ ಲೆಕ್ಕದಲ್ಲಿಯೂ ಇಲ್ಲ. ಯಂತ್ರಕ್ಕೆ ಹಣ ಕೊಡುವವರು ಸಿಗುತ್ತಾರೆ, ಬಸ್ ಚಾರ್ಜಿಗೆ ಸಿಗುವುದಿಲ್ಲ ಎಂದಳು ನಮ್ಮ ಹುಡುಗಿ.

ಪಟ್ಟಿಯನ್ನು ಬೆರಳಚ್ಚು ಮಾಡಿಸಿ ಚಿತ್ರಗಳೊಡನೆ ಜೋಡಿಸಬೇಕಾಗಿತ್ತು. ತಮ್ಮ ಈಗ ತಾಲ್ಲೂಕು ಕೇಂದ್ರದ ಮುದ್ರಣಾಲಯವೊಂದರಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತಾನೆ. ನಾನೇ ಹಸ್ತಪ್ರತಿಯನ್ನು ತೆಗೆದುಕೊಂಡು ಹೋದೆ. ಎದ್ದು ನಿಂತು ಕುರ್ಚಿ ಕೊಟ್ಟ. ಎರಡೂ ಕಿವಿಗಳಲ್ಲಿ ಯಂತ್ರವಿತ್ತು. ಎದುರಿಗೆ ಕುಳಿತು, ಮುಖ ಕಾಣುವಂತೆ, ಹೇಳಬೇಕಾದದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಕೀಲಿಮಣೆಯನ್ನೇ ನೋಡುತ್ತಿದ್ದು, “ನೀವು ಬೋರ್ಡಿನ ಕಡೆ ತಿರುಗಿ ಮಾತಾಡ್ತಿದ್ರಿ ಸಾರ್” ಎಂದ. ಬಳಿಕ ಕಾಫಿ ತರಿಸಿದ.

ನಾಲ್ಕು ದಿನಗಳ ಅನಂತರ ಕರಡಚ್ಚು ಅಂಚೆಯಲ್ಲಿ ಬಂತು, ಜೊತೆಗೆ ನನ್ನ ಹಸ್ತಪ್ರತಿಯೂ. ಏಳನೆಯ ಜೋಡಿಯಲ್ಲಿ ನಾನು ಅವಸರದಿಂದ ಎರಡು ಕಡೆಯೂ ಬಳೆ ಎಂದೇ ಬರೆದುಬಿಟ್ಟಿದ್ದೆ. ಎರಡನೆಯದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ದೀರ್ಘವನ್ನು ಹಾಕಿ, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟಿದ್ದ.