ಕುಣಿಗಲ್ ಕೆರೆ ಮತ್ತು ದಾಹದ ಲೆಕ್ಕ

ಕುಣಿಗಲ್ ಕೆರೆಯನ್ನು ಜನಪದರು ಹಾಡಿ ಹೊಗಳಿದ್ದಾರೆ; ಆದರೂ ಮಳೆ ಕೈಕೊಟ್ಟ ವರ್ಷ ಅದರ ನೀರೂ ಇಳಿಯುತ್ತದೆ. ಲೋಕ ಕೊಡುವ ತೃಪ್ತಿಯೂ ಹಾಗೇ, ನಿಲ್ಲುವುದಿಲ್ಲ. ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕರೆ ತುಮಕೂರಿನಲ್ಲೊಂದು ಸೈಟು, ಸೈಟಾದರೆ ಮನೆ, ಮನೆಯಾದರೆ ಪಕ್ಕದವರಿಗಿಂತ ಒಂದು ಮಹಡಿ ಹೆಚ್ಚು. ಸಮಾರ್ಯದ ಹೆಂಗಸಿಗೆ ಬಾವಿಕಟ್ಟೆಯಲ್ಲಿ ಯೇಸು ತಿಳಿಸಿದ್ದು ಇದನ್ನೇ: ಬಾವಿಯ ನೀರು ದಾಹವನ್ನು ಮುಂದೂಡುತ್ತದೆ, ಮುಗಿಸುವುದಿಲ್ಲ. ಹಾಗೆಂದು ನೀರು ಸೇದುವುದು ಪಾಪವೆಂದು ಆತ ಹೇಳಲಿಲ್ಲ. ಮೊದಲು ನೀರು ಕೇಳಿದವನೇ ಆತ. ಸಿದ್ಧಗಂಗಾ ಮಠದ ದಾಸೋಹದಲ್ಲಿ ಬಾಳು ಸವೆಸಿದವರಿಗೂ ದಾಹ ಮುಗಿಸುವ ತೃಪ್ತಿ ಸಿಗದೇ ಎಂದರೆ, ಇಲ್ಲವೆನ್ನಲು ನನಗೆ ಬಾಯಿ ಬಾರದು. ಕ್ರೈಸ್ತನ ವಾದ ಇಷ್ಟೇ: ತೃಪ್ತಿ ಗಳಿಕೆಯಲ್ಲ, ಕೃಪೆ, ಹಾಗಾಗಿ ಧಾರಣೆ ಬಿದ್ದ ದಿನ ಅದು ಬೀಳುವುದಿಲ್ಲ.

‘ಬಡವರು ಕ್ರೈಸ್ತರಾದದ್ದೇ ಅನ್ನಕ್ಕೆ’ ಎಂದು ಈ ಕೃಪೆಯ ಮಾತಿಗೆ ಬರುವ ಆಕ್ಷೇಪ ಹಳೆಯದು. ಕೆಲವರ ಮಟ್ಟಿಗೆ ನಿಜವೂ ಇರಬಹುದು. ಆದರೆ 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಆರಂಭಿಸಿದ ಕಾಲದಲ್ಲಿ ದೀಕ್ಷಾಸ್ನಾನವೆಂದರೆ ನೆಂಟರು, ಪಂಕ್ತಿ, ಕುಲ ಎಲ್ಲವೂ ದೂರವಾಗುವುದು. ಲಾಭ ನೋಡುವವನು ಆ ವ್ಯಾಪಾರಕ್ಕೆ ಇಳಿಯುತ್ತಾನೆಯೇ? ಕರೆಯಲು ಬಂದವರಿಗೂ ಲಾಭವಿರಲಿಲ್ಲ. 1839ರಲ್ಲಿ ಬಂದ ಇಪ್ಪತ್ತರ ಹರೆಯದ ಮಿಷನರಿ ವಿಲಿಯಂ ಆರ್ಥರ್ ಕಣ್ಣು, ಆರೋಗ್ಯ ಕೆಡಿಸಿಕೊಂಡು 1841ರಲ್ಲೇ ಮರಳಿದರು. ಗುಬ್ಬಿ ಸೀಮೆಯ ದಾನಿಯೇಲನೆಂಬ ಮುದುಕನ ಬಾಳನ್ನು ಹಾಡ್ಸನ್ 1877ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ಮಿಷನರಿಯ ಲೇಖನಿ, ಹೊಗಳಿಕೆಗೆ ಒಂದಿಷ್ಟು ಸೋಡಿ ಬಿಟ್ಟೇ ಓದೋಣ. ಬಿಟ್ಟ ಮೇಲೂ, ಹಿಡಿದದ್ದನ್ನು ಇಳಿವಯಸ್ಸಿನವರೆಗೂ ಬಿಡದ ಒಬ್ಬ ಹಳ್ಳಿಗ ಅಲ್ಲಿ ಉಳಿಯುತ್ತಾನೆ.